ಕಾಯಿ ನೋಡುವ ಕಣ್ಣು, ಕಣ್ಣು ನೋಡುವ ಓದು

ಪಿಯುಸಿ ಫಲಿತಾಂಶ ಬಂದು ಸೀಟು ಹಂಚಿಕೆಯ ಗಲಾಟೆ ಶುರುವಾಗುವ ಹೊತ್ತಿಗೆ, ನಮ್ಮ ತಿಪಟೂರಿನ ಮನೆಗಳಲ್ಲಿ ಈಚೆಗೆ ಆಪ್ಟೊಮೆಟ್ರಿ ಎಂಬ ಹೆಸರೂ ಕಿವಿಗೆ ಬೀಳುತ್ತಿದೆ. ಹಿರಿಯರಿಗೆ ಅದು ಬಾಯಿಗೆ ಹೊಂದದು. ‘ಅದೇನು, ಕನ್ನಡಕ ಮಾರೋ ಓದಾ?’ ಎಂದು ಒಬ್ಬರು ಕೇಳಿದರೆ, ‘ಡಾಕ್ಟರ್ ಸೀಟು ಸಿಗದವರಿಗೆ ಉಳಿದದ್ದು’ ಎಂದು ಇನ್ನೊಬ್ಬರು ಮೂಗು ಮುರಿಯುತ್ತಾರೆ. ಕೆಲವು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್ ಸೇರಿದ ಪದವಿ ಇದು. 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಆಪ್ಟೊಮೆಟ್ರಿಸ್ಟ್‌ಗಳಿಗೂ ಜಾಗ ಸಿಕ್ಕಿದೆ. ಕೆಲವು ಕಾಲೇಜುಗಳು ಅಂಕ ನೋಡಿ ಸೀಟು ಕೊಡುತ್ತವೆ, ಕೆಲವು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತವೆ.

ಹಾಗೆ ಮಾತಾಡಿಸುವ ಕಾಲೇಜಿನಿಂದ ಕರೆ ಬಂದ ನಮ್ಮ ಬೀದಿಯ ಹುಡುಗಿಯೊಬ್ಬಳು, ಒಂದಷ್ಟು ಪ್ರಿಂಟ್ ತೆಗೆಸಿದ ಹಾಳೆ ಹಿಡಿದು ನನ್ನ ಹತ್ತಿರ ಬಂದಳು. ಪಿಯು ಕಾಲೇಜಿನಲ್ಲಿ ಬೆಳಕು, ಮಸೂರ ಎಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು, ಅದೇ ಕಾರಣ. ಹಾಳೆಯಲ್ಲಿದ್ದದ್ದೆಲ್ಲ ಗಿಳಿಪಾಠ: ನಿಮ್ಮ ಬಲ ಏನು, ದೌರ್ಬಲ್ಯ ಏನು, ಹತ್ತು ವರ್ಷದ ನಂತರ ಎಲ್ಲಿರುತ್ತೀರಿ. ಉತ್ತರಗಳೂ ಸಿದ್ಧವಾಗಿಯೇ ಇದ್ದವು. ಹಾಳೆ ಮಡಿಸಿಡು ಎಂದೆ. ನೋಡುವುದನ್ನು ಕಲಿಸುವ ಓದಿಗೆ ಹೊರಟವರು ಮೊದಲು ಏನನ್ನಾದರೂ ಚೆನ್ನಾಗಿ ನೋಡಿರಬೇಕಲ್ಲವೇ? ಅಲ್ಲಿಂದ ಮುಂದೆ ಆ ಸಿದ್ಧತೆ ಅವಳಿಗಿಂತ ನನಗೇ ಹೆಚ್ಚು ರುಚಿಸಿತು.

ನೋಡಲು ದೂರ ಹೋಗಬೇಕಾಗಿರಲಿಲ್ಲ. ಅವರ ಮನೆಯ ಅಟ್ಟದ ತುಂಬ ಕಾಯಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ, ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ನಮ್ಮ ಕಡೆ ವರ್ಷದ ಬಾಳು ನಿಂತಿರುವುದೇ ಈ ಕಾಯುವಿಕೆಯ ಮೇಲೆ. ಅವಳ ಅಜ್ಜ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ‘ಇದು ಬಿಟ್ಟಿದೆ’ ಎಂದರು. ಇನ್ನೊಂದನ್ನು ಅಲ್ಲಾಡಿಸಿ, ‘ಇದಕ್ಕಿನ್ನೂ ನೀರಿದೆ’ ಎಂದು ಹಾಗೇ ಇಟ್ಟರು. ಸುಲಿದು ಒಡೆದ ಮೇಲೆ ಕೊಬ್ಬರಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಹೋದರು. ಬಣ್ಣ ಎಲ್ಲಿ ಮಂಕಾಗಿದೆ, ಎಲ್ಲಿ ಬೂಷ್ಟು ಹತ್ತಿದೆ, ಎಲ್ಲಿ ಬಿರುಕಿದೆ ಎಂದು ಬೆರಳಿಟ್ಟು ತೋರಿಸಿದರು. ಕೌಟಾದದ್ದನ್ನು ಮೂಗಿಗೆ ಹಿಡಿಯುವ ಮೊದಲೇ ಪಕ್ಕಕ್ಕೆ ಹಾಕಿದರು. ಮಂಡಿಯಲ್ಲಿ ರೇಟು ಕಟ್ಟುವವರೂ ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತಾರೆ.

‘ನೀನು ಚಿಕ್ಕಂದಿನಿಂದ ಇದನ್ನು ನೋಡಿದ್ದೀಯ. ಅಲ್ಲಿ ಕೇಳಿದರೆ ಇದನ್ನೇ ಹೇಳು’ ಎಂದೆ. ‘ಕೊಬ್ಬರಿ ವಿಷಯ ಹೇಳಿದರೆ ನಗುವುದಿಲ್ಲವಾ?’ ಎಂದಳು. ನಗುವವರು ನಗಲಿ. ಹೊರಗಿನ ಗುರುತು ಹಿಡಿದು ಒಳಗಿನ ಸ್ಥಿತಿ ತಿಳಿಯುವುದು, ಅನುಮಾನ ಬಂದದ್ದನ್ನು ಬೇರೆ ಇಡುವುದು, ಆತುರಪಡದಿರುವುದು ಕಣ್ಣು ಪರೀಕ್ಷಿಸುವವರಿಗೂ ಬೇಕಾದ ಗುಣಗಳೇ.

ಸುಲಿದ ಕಾಯಿಯ ಜುಟ್ಟು ಕಿತ್ತಾಗ ಮೂರು ಕಣ್ಣು ಕಂಡವು. ಎರಡು ಗಟ್ಟಿ, ಒಂದು ಮಾತ್ರ ಉಗುರಿಗೂ ಸಿಗುವಷ್ಟು ಮೆದು. ಮೊಳಕೆ ಆ ಮೆದು ಕಣ್ಣಿನ ಕೆಳಗೇ ಕೂತಿರುತ್ತದೆ, ಬರುವುದೂ ಅಲ್ಲಿಂದಲೇ. ಜೀವಶಾಸ್ತ್ರ ಓದಿದ ಹುಡುಗಿ ಇದನ್ನು ದೇವರ ಮುಂದೆ ಕಾಯಿ ಒಡೆಯುವಾಗ ಸಾವಿರ ಸಲ ನೋಡಿದ್ದಳು, ಆದರೆ ಬೆರಳಿಟ್ಟು ಪರೀಕ್ಷಿಸಿದ್ದು ಅದೇ ಮೊದಲು.

ಆಮೇಲೆ ಪುಸ್ತಕ ತೆರೆದೆವು. ನಮ್ಮ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದರೊಳಗೆ ಬೆಳಕನ್ನು ಬಾಗಿಸುವ ಶಕ್ತಿ ಒಟ್ಟು 60 ಡಯಾಪ್ಟರ್‌ನಷ್ಟು. ಮೂರರಲ್ಲಿ ಎರಡು ಪಾಲು ಕೆಲಸ ಮಾಡುವುದು ಒಳಗಿನ ಮಸೂರವಲ್ಲ, ಮುಂದಿರುವ ಗಾಜಿನಂಥ ಕಾರ್ನಿಯಾ. ಕಣ್ಣುಗುಡ್ಡೆ ಒಂದು ಮಿಲಿಮೀಟರ್ ಉದ್ದವಾದರೆ ಸುಮಾರು ಮೂರು ಡಯಾಪ್ಟರ್ ಮೈನಸ್ ಬೀಳುತ್ತದೆ, ದೂರದ ಬಸ್ಸಿನ ಬೋರ್ಡು ಮಸುಕಾಗುತ್ತದೆ. ಇಷ್ಟು ಸಣ್ಣ ಅಳತೆಯ ಮೇಲೆ ಇಡೀ ಲೋಕ ನಿಂತಿದೆ ಎಂಬುದು ಪಾಠ ಹೇಳುವಾಗ ನನಗೇ ಇಷ್ಟು ಹತ್ತಿರದಿಂದ ತಟ್ಟಿರಲಿಲ್ಲ.

ಅಸ್ಟಿಗ್ಮ್ಯಾಟಿಸಂ ಅವಳ ತಲೆಗೆ ಹತ್ತಲಿಲ್ಲ. ಸಿಲಿಂಡರ್, ಆ್ಯಕ್ಸಿಸ್ ಎಂದರೆ ಯಾರಿಗೂ ಕೂಡಲೇ ಹತ್ತದು. ಕೊನೆಗೆ ಅವಳೇ ಅಟ್ಟದ ಕಡೆ ನೋಡಿ ದಾರಿ ಹುಡುಕಿದಳು. ಉಂಡೆ ಕೊಬ್ಬರಿಯ ಬಾಗು ಎತ್ತ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ; ಸಿಪ್ಪೆಯ ಕಾಯಿಗೆ ಉದ್ದಕ್ಕೊಂದು ಬಾಗು, ಅಡ್ಡಕ್ಕೊಂದು ಬಾಗು. ಕಾರ್ನಿಯಾ ಎರಡನೆಯದರ ಹಾಗಾದರೆ ಬೆಳಕು ಒಂದು ಚುಕ್ಕೆಯಲ್ಲಿ ಕೂಡುವುದಿಲ್ಲ. ಜಾರ್ಜ್ ಏರಿ ಎಂಬ ಇಂಗ್ಲಿಷ್ ಖಗೋಳಜ್ಞ ತನ್ನ ಎಡಗಣ್ಣಿನ ಇದೇ ದೋಷಕ್ಕೆ 1825ರಲ್ಲಿ ಸಿಲಿಂಡರ್ ಮಸೂರ ಮಾಡಿಸಿಕೊಂಡ ಕತೆಯನ್ನು ಆಗ ಹೇಳಿದೆ. ಈಗ ಅಸ್ಟಿಗ್ಮ್ಯಾಟಿಸಂ ತಾನೇ ತಲೆಯಲ್ಲಿ ಕೂತಿತು.

ಇದನ್ನೆಲ್ಲ ಮನೆಗೆ ಹೋಗಿ ಅಜ್ಜಿಗೆ ಹೇಳು, ಇಂಗ್ಲಿಷ್ ಪದ ಆದಷ್ಟು ಕಡಿಮೆ ಇರಲಿ ಎಂದೆ. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯಬಹುದು. ಆದರೆ ಅಜ್ಜಿಗೆ ತಿಳಿಯುವಂತೆ ಹೇಳಲು ಬಂದದ್ದು ಮಾತ್ರ ನಿಜವಾಗಿ ತಿಳಿದದ್ದು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಅದಕ್ಕೇ ನಂಗೆ ರಾತ್ರಿ ದೀಪ ಚೆದುರಿ ಕಾಣೋದಾ?’ ಎಂದರಂತೆ. ಹುಡುಗಿ, ‘ಇರಬಹುದು ಅಜ್ಜಿ, ಪೊರೆಯೂ ಇರಬಹುದು. ಡಾಕ್ಟರಿಗೆ ತೋರಿಸೋಣ’ ಎಂದಳಂತೆ. ನನಗೆ ತುಂಬ ಹಿಡಿಸಿದ್ದು ಈ ಉತ್ತರ. ಆಪ್ಟೊಮೆಟ್ರಿಸ್ಟ್‌ಗೂ ಕಣ್ಣಿನ ಡಾಕ್ಟರಿಗೂ ವ್ಯತ್ಯಾಸವೇನು ಎಂಬುದು ಸಂದರ್ಶನದ ಖಾಯಂ ಪ್ರಶ್ನೆ. ದೃಷ್ಟಿ ಅಳೆಯುವುದು, ಕನ್ನಡಕದ ನಂಬರ್ ಬರೆಯುವುದು, ರೋಗದ ಸುಳಿವು ಹಿಡಿದು ಸಮಯಕ್ಕೆ ಡಾಕ್ಟರ ಬಳಿ ಕಳಿಸುವುದು ಮೊದಲನೆಯವರ ಕೆಲಸ, ಆಪರೇಷನ್ ಎರಡನೆಯವರದು, ಚೌಕಟ್ಟಿಗೆ ಗಾಜು ಕೂರಿಸಿ ಮೂಗಿಗೆ ಹೊಂದಿಸುವುದು ಕನ್ನಡಕದ ಅಂಗಡಿಯದು. ಈ ವ್ಯತ್ಯಾಸವನ್ನು ಅವಳು ಬಾಯಿಪಾಠ ಮಾಡುವ ಮೊದಲೇ ನಡೆದು ತೋರಿಸಿದ್ದಳು.

ಊರಿನಲ್ಲಿ ಪರಿಚಯದ ಆಪ್ಟೊಮೆಟ್ರಿಸ್ಟ್ ಒಬ್ಬರು ಒಂದು ಮಧ್ಯಾಹ್ನ ನಮ್ಮನ್ನು ಕೂರಿಸಿಕೊಂಡು ತಮ್ಮ ಸಾಮಾನು ತೋರಿಸಿದರು. ಮೊದಲು ಅಕ್ಷರದ ಚಾರ್ಟು. ನೆದರ್‌ಲ್ಯಾಂಡ್ಸ್‌ನ ಹರ್ಮನ್ ಸ್ನೆಲೆನ್ 1862ರಲ್ಲಿ ಹೊರತಂದದ್ದು, ಇವತ್ತಿಗೂ ಗೋಡೆ ಬಿಟ್ಟಿಲ್ಲ. 6/6 ಸಾಲಿನ ಅಕ್ಷರ ಆರು ಮೀಟರ್ ದೂರದಲ್ಲಿ ಕಣ್ಣಿಗೆ ಐದು ಮಿನಿಟ್ ಕೋನ ಮಾಡಬೇಕು, ಅದರ ಒಂದೊಂದು ಗೆರೆ ಒಂದು ಮಿನಿಟ್ ಕೋನ. ಅಂದರೆ ಅಕ್ಷರದ ಎತ್ತರ ಒಂಬತ್ತು ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಓದು ಬಾರದವರಿಗೆ ನಾಲ್ಕು ದಿಕ್ಕಿಗೂ ತಿರುಗಿದ ‘ಇ’ ಇರುತ್ತದೆ. ಕಾಲು ಯಾವ ಕಡೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಅಂಗಡಿ ಮೂರೇ ಮೀಟರ್ ಉದ್ದ. ಅದಕ್ಕೆ ಚಾರ್ಟನ್ನು ನಮ್ಮ ತಲೆಯ ಹಿಂದೆ ನೇತುಹಾಕಿ, ಎದುರಿಗೆ ಕನ್ನಡಿ ಇಟ್ಟಿದ್ದರು. ಬೆಳಕನ್ನು ಹೋಗಿ ಬರುವಂತೆ ಮಾಡಿ ಅರ್ಧ ಜಾಗ ಉಳಿಸಿದ ಆ ಜಾಣತನವನ್ನು ನೋಡಿ, ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಪ್ರತಿಫಲನದ ನಿಯಮಕ್ಕೆ ಒಳ್ಳೆ ಮನೆ ಸಿಕ್ಕಿತು ಎನಿಸಿತು.

ಆಮೇಲೆ ದೀಪ ಆರಿಸಿದರು. ಹುಡುಗಿಯನ್ನು ದೂರದ ಗುರುತಿನ ಕಡೆ ನೋಡಲು ಹೇಳಿ, ನನ್ನ ಕೈಗೆ ರೆಟಿನೋಸ್ಕೋಪ್ ಕೊಟ್ಟು, ಒಂದು ಕೈ ಅಳತೆ ದೂರದಲ್ಲಿ ಕೂರಿಸಿದರು. ಗೆರೆಯಂಥ ಬೆಳಕನ್ನು ಅವಳ ಕಣ್ಣಿಗೆ ಬಿಟ್ಟೆ. ಕಪ್ಪು ಪಾಪೆ ಇದ್ದಕ್ಕಿದ್ದಂತೆ ಕೆಂಡದ ಬಣ್ಣಕ್ಕೆ ತಿರುಗಿತು. ಒಳಗಿನ ಪರದೆ ಬೆಳಕನ್ನು ಹಿಂದಕ್ಕೆ ಕಳಿಸುತ್ತಿದೆ. ನಾನು ಗೆರೆಯನ್ನು ಬಲಕ್ಕೆ ಸರಿಸಿದರೆ ಒಳಗಿನ ಹೊಳಪು ಎಡಕ್ಕೆ ಓಡಿತು. ಎದುರು ಚಲನೆ, ಮೈನಸ್ ಹಾಕಿ ಎಂದರು. ಟ್ರಯಲ್ ಫ್ರೇಮಿನಲ್ಲಿ ಒಂದು ಮಸೂರ ಟಿಕ್ಕೆಂದು ಕೂತಿತು. ಹೊಳಪು ನಿಧಾನವಾಯಿತೋ ವೇಗವಾಯಿತೋ, ಹಿಡಿಯಲು ಕಷ್ಟ. ಇನ್ನೊಂದು ಮಸೂರ. ಆಗ ಚಲನೆಯೇ ನಿಂತು, ಇಡೀ ಪಾಪೆ ಒಮ್ಮೆಲೇ ಬೆಳಗಿತು, ಒಮ್ಮೆಲೇ ಆರಿತು. ಅದೇ ನ್ಯೂಟ್ರಲ್. ನಾನು ಕೂತ ದೂರದ ಲೆಕ್ಕ ಒಂದೂವರೆ ಡಯಾಪ್ಟರ್ ಕಳೆದರೆ ಅವಳ ನಂಬರ್. ಅವಳು ಒಂದು ಮಾತೂ ಆಡಿರಲಿಲ್ಲ. ಮಾತು ಬಾರದ ಕೂಸಿನ ಕಣ್ಣನ್ನೂ ಹೀಗೇ ಅಳೆಯಬಹುದು ಎಂದಾಗ, ಈ ವಿದ್ಯೆಯ ಸೊಗಸು ಪೂರ್ತಿ ಗೊತ್ತಾಯಿತು.

ಸೀಮೆಯ ಕಲ್ಲುಗಳೂ ಪಾಠ ಹೇಳಿದವು. ತುರುವೇಕೆರೆಯ ಗಂಗಾಧರೇಶ್ವರ ಗುಡಿಯಲ್ಲಿ ಕರಿಕಲ್ಲಿನ ನಂದಿ ಇದೆ, ಹೊಳಪಿಗೆ ಹೆಸರಾದದ್ದು. ಅದರ ಮೈಮೇಲೆ ಬಾಗಿಲಿನ ಬೆಳಕು ಬಾಗಿ ಬೀಳುವುದನ್ನು ನೋಡಿ, ಕೆರಾಟೊಮೀಟರ್ ಕಾರ್ನಿಯಾದ ಬಾಗನ್ನು ಅಳೆಯುವುದೂ ಅದರ ಮೇಲೆ ಬಿದ್ದ ಪ್ರತಿಬಿಂಬದ ಅಳತೆಯಿಂದಲೇ ಎಂದು ಹೇಳಿಕೊಟ್ಟೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ಗುಡಿ. ಬಿಸಿಲಿನಿಂದ ಒಳಗೆ ಹೊಕ್ಕರೆ ಮೊದಲು ಬರೀ ಕತ್ತಲೆ. ಅವಸರ ಮಾಡಿ ಫೋನಿನ ಟಾರ್ಚ್ ಹಾಕಬೇಡ ಎಂದೆ. ನಿಂತುಕೊಂಡೆವು. ಮೊದಲು ಮೇಲೆ ಏನೋ ಚೌಕ ಇದೆ ಎಂದಾಯಿತು, ಆಮೇಲೆ ಎತ್ತಿದ ಕಾಲು, ಬಾಗಿದ ಸೊಂಟ, ಸುತ್ತ ಎಂಟು ದಿಕ್ಪಾಲಕರು. ನಡುವೆ ಕುಣಿಯುವ ಶಿವ. ಕತ್ತಲೆಗೆ ಕಣ್ಣಿನ ರಾಡ್ ಕೋಶಗಳು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು ಎಂಬ ಪುಸ್ತಕದ ಸಾಲು ಅಲ್ಲಿ ಮೈಗೆ ತಾಗಿತು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ಕನ್ನಡದ ಓದುಗರಿಗೆ ರಸದ ವಿಚಾರ ತಿಳಿಸಿಕೊಟ್ಟ ತೀನಂಶ್ರೀ ಹುಟ್ಟಿದ ತೀರ್ಥಪುರ ಇಲ್ಲೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ಕಾದು ನೋಡುವವನಿಗೇ ಕಲೆ ಒಲಿಯುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಪುಸ್ತಕವೂ ಇದೆ, ಕಲ್ಲೂ ಇದೆ.

ಸಂದರ್ಶನದಲ್ಲಿ ‘ಈ ಓದು ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಸಮಾಜ ಸೇವೆ’ ಎಂದು ಹೇಳಿದರೆ ಕೇಳುವವರಿಗೆ ಆಕಳಿಕೆ ಬರುತ್ತದೆ. ತೋಟದ ನಡುವೆ ಬೆಳೆದವರಿಗೆ ಹೇಳಲು ಬೇರೆ ಇದೆ. ಕಾಯಿ ಕೀಳುವಾಗ ಸುಳಿಯ ಕಸ ಕಣ್ಣಿಗೆ ಬೀಳುತ್ತದೆ, ಗರಿ ಎಳೆಯುವಾಗ ತುದಿ ತಾಗುತ್ತದೆ. ಗಿಡದ ಚೂರಿನಿಂದ ಕಾರ್ನಿಯಾಕ್ಕೆ ಆದ ಗಾಯದಲ್ಲಿ ಫಂಗಸ್ ಸೇರಿದರೆ ನೋಟವೇ ಹೋಗಬಹುದು. ಮನೆಮದ್ದು ಹಿಂಡಿ ಕೂತರೆ ಇನ್ನೂ ಕೇಡು. ನಲವತ್ತು ದಾಟಿದವರಿಗೆ ಚಾಳೀಸು ಬಂದು, ಹೂ ಕಟ್ಟುವ ಹೆಂಗಸಿಗೆ ದಾರ ಕಾಣದೆ ದುಡಿಮೆ ಕುಂಟುತ್ತದೆ. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ ಎಂದು ಪರೀಕ್ಷೆಗೆ ಹೋಗುವುದಿಲ್ಲ, ರೆಟಿನಾ ಒಳಗೊಳಗೇ ಹಾಳಾಗಿರುತ್ತದೆ. ಹಿಂದಿನವರು ಕಣ್ಣಿಗೆ ದೊಡ್ಡ ತೊಂದರೆ ಬಂದರೆ ರೈಲು ಹತ್ತಿ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿಗೆ ಹೋಗಬೇಕೋ ಬೇಡವೋ ಎಂದು ಊರಲ್ಲೇ ಹೇಳಬಲ್ಲವರು ಇದ್ದರೆ ಅರ್ಧ ಕಣ್ಣು ಉಳಿದ ಹಾಗೆ. ಇದು ಉತ್ತರ. ಇದನ್ನು ಅವಳ ತೋಟದ ಬೇಲಿಯೊಳಗೇ ಹುಡುಕಿದ್ದು.

ಸೀಟು ಸಿಗುವುದು ಬಿಡುವುದು ಅಂಕ, ಮೀಸಲಾತಿ, ಫೀಸು ಎಲ್ಲವನ್ನೂ ಸೇರಿಕೊಂಡ ಲೆಕ್ಕ. ಅದನ್ನು ಯಾವ ಸಿದ್ಧತೆಯೂ ಪೂರ್ತಿ ಕೈಗೆ ಕೊಡಲಾರದು. ಆದರೆ ಹಾಳೆ ನೋಡಿ ಉರು ಹೊಡೆದ ಉತ್ತರ ಸಂದರ್ಶನದ ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತದೆ, ಕಣ್ಣಾರೆ ನೋಡಿದ್ದು ಮರೆಯುವುದಿಲ್ಲ. ಈ ವರ್ಷ ಅರ್ಜಿ ಹಾಕಿರುವ ಮಕ್ಕಳಿಗೆ ನನ್ನ ಮಾತು ಇಷ್ಟೆ: ಟೈ ಕಟ್ಟುವುದನ್ನು ಕಲಿಯುವ ಮೊದಲು ಹತ್ತಿರದ ಆಪ್ಟೊಮೆಟ್ರಿಸ್ಟ್ ಒಬ್ಬರ ಒಪ್ಪಿಗೆ ಕೇಳಿ ಒಂದು ದಿನ ಅವರ ಪಕ್ಕ ಕೂರಿ. ಯಾರು ಬಂದರು, ಏನು ಕಾಣದೆ ಬಂದರು, ಏನು ಕಂಡು ಹೋದರು ಎಂದು ನೋಡಿ. ಸಂದರ್ಶನದಲ್ಲಿ ಅದನ್ನೇ ಹೇಳಿ.