ಜಾಲ ಗಟ್ಟಿ, ನಾಣ್ಯ ಸಡಿಲ

ಭೀಮಸಮುದ್ರದ ಅಡಿಕೆ ವ್ಯಾಪಾರದಲ್ಲಿ ರಾಶಿಗೊಂದು ದರ, ಬೆಟ್ಟೆಗೊಂದು, ಆಪಿಗೊಂದು. ಕೊಳ್ಳುವವನಿಗೆ ಅದು ಯಾವುದಕ್ಕೆ ಬೇಕು ಎಂಬುದರ ಮೇಲೆ ದರ ನಿಲ್ಲುತ್ತದೆ. ಹೊಳಲ್ಕೆರೆ, ಹೊಸದುರ್ಗದ ತೋಟದ ದುಡ್ಡನ್ನು ಫೈಲ್‌ಕಾಯಿನ್, ಸ್ಟೋರ್ಜ್, ಸಿಯಾಕಾಯಿನ್, ಆರ್ವೀವ್ ಎಂಬ ಕ್ರಿಪ್ಟೊ ನಾಣ್ಯಗಳಲ್ಲಿ ಹಾಕಲು ಹೊರಟವರೂ ಮೊದಲು ಇದನ್ನೇ ಕೇಳಬೇಕು: ಈ ನಾಣ್ಯ ಯಾರಿಗೆ, ಯಾಕೆ ಬೇಕು?

ನಾಲ್ಕರ ಮೂಲ ಆಲೋಚನೆ ಒಂದೇ. ಕಡತಗಳನ್ನು ಒಂದೇ ಕಂಪನಿಯ ಸರ್ವರ್‌ನಲ್ಲಿ ಇಡದೆ, ಜಗತ್ತಿನ ನೂರಾರು ಜನರ ಹಾರ್ಡ್‌ಡಿಸ್ಕ್‌ಗಳಲ್ಲಿ ಹಂಚಿಡುವುದು. ತಾಂತ್ರಿಕವಾಗಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸ್ಟೋರ್ಜ್. ಅದು ಕಡತದ ಪ್ರತಿ ಭಾಗವನ್ನು 80 ತುಣುಕಾಗಿಸಿ ಚದುರಿಸುವ ವಿನ್ಯಾಸ ಮಾಡಿಕೊಂಡಿತು. ಅವುಗಳಲ್ಲಿ ಯಾವುದೇ 29 ಸಿಕ್ಕರೂ ಮೂಲ ಮರಳಿ ಬರುತ್ತದೆ. ಆದರೆ ಗಿರಾಕಿಗೆ ದರ ಹೇಳುವುದು ಡಾಲರಿನಲ್ಲಿ. ಡಿಸ್ಕ್ ಕೊಟ್ಟವನ ಸಂಭಾವನೆಯನ್ನೂ ಡಾಲರಿನಲ್ಲೇ ಲೆಕ್ಕಹಾಕಿ ನಾಣ್ಯದಲ್ಲಿ ಪಾವತಿಸುತ್ತಾರೆ. ಪಡೆದವನು ಒಡನೆ ಮಾರಿಕೊಳ್ಳಬಹುದು. ಹಾಗಾಗಿ ವ್ಯವಹಾರ ಬೆಳೆದರೂ ನಾಣ್ಯ ಹಿಡಿದು ಕೂತವನಿಗೆ ಅದರ ಪಾಲು ಬಂದೇ ಬರುತ್ತದೆ ಎನ್ನಲಾಗದು. ಒಳ್ಳೆಯ ಸೇವೆ ಎಂಬ ಕಾರಣಕ್ಕೆ ಅದರ ನಾಣ್ಯ ಕೊಳ್ಳುವವರು ಎಡವುವುದು ಇಲ್ಲಿಯೇ.

ಫೈಲ್‌ಕಾಯಿನ್ ಕಥೆ ದೊಡ್ಡದು. 2017ರಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿ, 2020ರ ಅಕ್ಟೋಬರಿನಲ್ಲಿ ಜಾಲ ಆರಂಭವಾಯಿತು. ಜಾಗ ಕೊಡುವವರು ನಾಣ್ಯವನ್ನೇ ಅಡವಿಡಬೇಕು. ಕಡತ ಕಳೆದರೆ ಅಡವಿನಲ್ಲಿ ಕಡಿತ. ಅಂದರೆ ನಾಣ್ಯಕ್ಕೆ ನಿಜವಾದ ಬೇಡಿಕೆಯೊಂದಿದೆ. ಆದರೆ ಸಂಗ್ರಹಣೆಗಾಗಿ ಕೊಡುವ ಬಹುಮಾನದ ರೂಪದಲ್ಲಿ ಹೊಸ ನಾಣ್ಯಗಳು ಸುರಿಯುತ್ತಲೇ ಇದ್ದವು, ಅದಕ್ಕಾಗಿ ಸೇರಿದ ಬೃಹತ್ ಜಾಗದ ಬಹುಪಾಲು ಗಿರಾಕಿಯ ಕಡತವಿಲ್ಲದೆ ಖಾಲಿ ಉಳಿಯಿತು. 2021ರ ಏಪ್ರಿಲ್‌ನಲ್ಲಿ 200 ಡಾಲರ್ ದಾಟಿದ್ದ ಬೆಲೆ 2022ರ ಕೊನೆಗೆ 3 ಡಾಲರಿನ ಆಸುಪಾಸಿಗೆ ಬಿತ್ತು. ಬಹುಮಾನಕ್ಕಾಗಿ ಕಟ್ಟಿದ ಉಗ್ರಾಣವನ್ನು ಬೇಡಿಕೆಯ ಪುರಾವೆ ಎಂದು ನಂಬಿದವರು ತೆತ್ತ ಬೆಲೆ ಅದು.

2015ರ ಸಿಯಾ ಹಳೆಯದು, ಶ್ರದ್ಧೆಯ ಕೆಲಸ. ಆದರೆ ಅದರ ನಾಣ್ಯಕ್ಕೆ ಮೇಲ್ಮಿತಿಯೇ ಇಲ್ಲ. ಆರ್ವೀವ್‌ನದ್ದು 6.6 ಕೋಟಿಯ ಮಿತಿ. ಒಮ್ಮೆ ಹಣ ಕಟ್ಟಿದರೆ ಕಡತ ಶಾಶ್ವತ, ಕಟ್ಟಿದ್ದರ ಹೆಚ್ಚಿನ ಭಾಗ ಮುಂದಿನ ಖರ್ಚಿಗೆ ನಿಧಿಯಾಗಿ ಉಳಿಯುತ್ತದೆ. ವಿನ್ಯಾಸದಲ್ಲಿ ಹೂಡಿಕೆದಾರನಿಗೆ ಇದೇ ಮೇಲು. ಆದರೆ ಡಿಸ್ಕ್‌ನ ಖರ್ಚು ವರ್ಷ ವರ್ಷ ಇಳಿಯುತ್ತಲೇ ಹೋಗುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ.

ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಹಂಚಿದರೆ ಅಪಾಯ ಕಡಿಮೆ ಎನ್ನುವ ಸಲಹೆ ನಮ್ಮ ದೇಶದಲ್ಲಿ ಅರ್ಧ ಸುಳ್ಳು. ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಬೀಳುವ ಜಾತಿಯವು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಫೈಲ್‌ಕಾಯಿನ್‌ನಲ್ಲಿ 50,000 ಕಳೆದು ಆರ್ವೀವ್‌ನಲ್ಲಿ 50,000 ಗಳಿಸಿದ ಹಿರಿಯೂರಿನವರಿಗೆ ಲಾಭ ಸೊನ್ನೆ. ಆದರೂ 15,000 ರೂಪಾಯಿ ತೆರಿಗೆ, ಮೇಲೆ ಸೆಸ್. ನಾಣ್ಯ ಇಟ್ಟ ಕಡೆಯೂ ಅಪಾಯವೇ: 2024ರ ಜುಲೈನಲ್ಲಿ ಭಾರತದ ಕ್ರಿಪ್ಟೊ ವಿನಿಮಯ ತಾಣ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ ನಾಣ್ಯದ ಗುಣ ಯಾರನ್ನೂ ಕಾಯಲಿಲ್ಲ. ಖಾತೆದಾರರು ತಮ್ಮದೇ ಹಣಕ್ಕಾಗಿ ವರ್ಷಕ್ಕೂ ಹೆಚ್ಚು ಕಾದರು.

ಆದ್ದರಿಂದ ನನ್ನ ತೂಕ ಹೀಗೆ: ಆರ್ವೀವ್ ಮೊದಲು, ಫೈಲ್‌ಕಾಯಿನ್ ಆಮೇಲೆ, ಸ್ಟೋರ್ಜ್ ಬಳಕೆಗೆ ಮಾತ್ರ, ಸಿಯಾಕಾಯಿನ್ ಬೇಡ. ಮೊದಲಿನ ಎರಡಕ್ಕೂ ಚಿತ್ರದುರ್ಗದ ಯಾವ ಮನೆಯೂ ಮುಂದಿನ ಬೋರ್‌ವೆಲ್‌ಗೆ ಎತ್ತಿಟ್ಟ ಹಣವನ್ನು ಮುಟ್ಟಬಾರದು.