ಭೂಪತಿಯ ಬೆನ್ನು

ಗಂಡ ಪುಸ್ತಕದಲ್ಲಿ ಮುಳುಗಿ ಪಡಸಾಲೆಯಲ್ಲಿ ನಡೆದು ಬರುತ್ತಾನೆ. ಅಲ್ಲೇ ನಿಂತ ಹೆಂಡತಿ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವಳೂ ಕರೆಯುವುದಿಲ್ಲ, ಕೈಯಲ್ಲಿದ್ದ ಪುಟ್ಟ ದುರ್ಬೀನು ಎತ್ತಿ, ದೂರವಾಗುತ್ತಿರುವ ಬೆನ್ನನ್ನು ನೋಡುತ್ತಾಳೆ. ಸ್ವಲ್ಪ ಹೊತ್ತಿನ ಹಿಂದೆ ಅದೇ ದುರ್ಬೀನಿನಲ್ಲಿ, ಕಿಟಕಿಯಿಂದ ಕಿಟಕಿಗೆ ಓಡುತ್ತಾ, ಕೋತಿ ಆಡಿಸುವವನನ್ನೂ ಛತ್ರಿ ಹಿಡಿದ ದಢೂತಿ ಮನುಷ್ಯನನ್ನೂ ನೋಡಿದ್ದಳು. ಈಗ ಗಂಡನೂ ಆ ಸಾಲಿಗೆ ಸೇರಿದ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಆಗಿನ್ನೂ ಶುರುವಾಗಿದೆ ಅಷ್ಟೆ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಸಂಸಾರದ ಸ್ಥಿತಿ ಮಾತ್ರ ಪೂರ್ತಿ ತಿಳಿದುಹೋಗಿದೆ.

ಟಾಗೋರರ ‘ನಷ್ಟನೀಡ’ ಇದರ ಮೂಲ. 1879ರ ಕಲ್ಕತ್ತೆ. ಭೂಪತಿ ಉಳ್ಳವನು, ಇಂಗ್ಲಿಷ್ ರಾಜಕೀಯ ಪತ್ರಿಕೆಯ ಹುಚ್ಚು ಹತ್ತಿಸಿಕೊಂಡವನು. ಹೆಂಡತಿ ಚಾರುವಿಗೆ ಬೇಸರವೆಂದು ಹೊಳೆದಾಗ, ಮನೆಗೆ ಬಂದ ವರಸೆಯ ತಮ್ಮ ಅಮಲನಿಗೆ ಅತ್ತಿಗೆಯ ಸಾಹಿತ್ಯದ ಒಲವನ್ನು ಸ್ವಲ್ಪ ಬೆಳೆಸು ಎನ್ನುತ್ತಾನೆ. ಅತ್ತಿಗೆ–ಮೈದುನರ ಕೀಟಲೆ ಯಾವ ಮನೆಯಲ್ಲೂ ತಪ್ಪಲ್ಲವಲ್ಲ. ಆ ಸಲಿಗೆಯ ಮರೆಯಲ್ಲೇ ಈ ಪ್ರೀತಿ ಬೆಳೆಯುತ್ತದೆ.

ತೋಟದ ಉಯ್ಯಾಲೆಯ ದೃಶ್ಯವನ್ನು ಎಷ್ಟು ಸಲ ನೋಡಿದರೂ ಸಾಲದು. ಸುಬ್ರತ ಮಿತ್ರರ ಕ್ಯಾಮೆರಾ ಉಯ್ಯಾಲೆಯ ಜೊತೆಗೇ ತೂಗುತ್ತದೆ. ಚಾರುವಾದ ಮಾಧವಿ ಮುಖರ್ಜಿಯ ಮುಖ ನಿಂತಲ್ಲೇ ನಿಂತು, ಹಿಂದಿನ ಗಿಡಮರಗಳೇ ಜೀಕುತ್ತವೆ. ಅಮಲ, ಅಂದರೆ ಸೌಮಿತ್ರ ಚಟರ್ಜಿ, ಚಾಪೆಯ ಮೇಲೆ ಒರಗಿ ಅವಳೇ ಕೊಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದಾನೆ. ಅವಳ ದುರ್ಬೀನು ನೆರೆಮನೆಯ ಕಿಟಕಿಯಲ್ಲಿ ಮಗುವನ್ನೆತ್ತಿಕೊಂಡ ತಾಯಿಯ ಮೇಲೆ ನಿಲ್ಲುತ್ತದೆ. ಆಮೇಲೆ ಅಮಲನ ಕಡೆ ತಿರುಗುತ್ತದೆ. ಅವಳಿಗೆ ಆಗ ಅರಿವಾದದ್ದು ಮಕ್ಕಳಿಲ್ಲದ ಕೊರಗೋ, ಈ ಹುಡುಗನ ಮೇಲಿನ ಆಸೆಯೋ, ಎರಡರ ಬೇರೂ ಒಂದೇ ಎಂಬುದೋ? ರಾಯ್ ಬಾಯಿ ಬಿಡುವುದಿಲ್ಲ. ಬೇರೆಯವರಾಗಿದ್ದರೆ ಇಲ್ಲಿ ಪಿಟೀಲು ಮೊರೆದುಬಿಡುತ್ತಿತ್ತು.

ಚಾರುವಿನ ಅಣ್ಣ ಉಮಾಪದ ಪತ್ರಿಕೆಯ ಹಣ ನುಂಗಿ ಪರಾರಿಯಾಗುವ ಭಾಗ ತುಸು ಜೋಡಿಸಿದಂತಿದೆ. ಆದರೆ ಇನ್ನು ಯಾರನ್ನು ನಂಬಲಿ ಎಂದು ಭೂಪತಿ ಅಮಲನ ಮುಂದೆ ಕುಸಿದಾಗ, ತಾನೂ ಅದೇ ದಾರಿಯಲ್ಲಿದ್ದೇನೆಂಬುದು ಅಮಲನ ಮುಖದಲ್ಲಿ ಮೂಡುತ್ತದಲ್ಲ, ಅದಕ್ಕಾಗಿ ಕ್ಷಮಿಸಬಹುದು. ಅಮಲ ರಾತ್ರೋರಾತ್ರಿ ಚೀಟಿ ಬರೆದಿಟ್ಟು ಹೋಗುತ್ತಾನೆ. ಹೋಗುವವನಿಗೇನು, ಸುಲಭ.

ಮಾಧವಿಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ನನ್ನ ಪಕ್ಷಪಾತ ಶೈಲೇನ್ ಮುಖರ್ಜಿಯ ಭೂಪತಿಯ ಕಡೆಗೆ. ಅವನು ಕೆಟ್ಟ ಗಂಡನಾಗಿದ್ದರೆ ಚಿತ್ರ ಸಲೀಸಾಗುತ್ತಿತ್ತು. ಇವನೋ ದೂರದ ಇಂಗ್ಲೆಂಡಿನ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ ಪಕ್ಷ ಗೆದ್ದಿತೆಂದು ತನ್ನ ಮನೆಯಲ್ಲಿ ಕೂಟ ನಡೆಸುವಷ್ಟು ಮುಗ್ಧ! ಅಮಲ ಹೋದ ಮೇಲೆ ಗಂಡ ಹೆಂಡತಿ ಕಡಲ ತೀರದಲ್ಲಿದ್ದಾಗ ಚಾರು, ಹೊಸ ಪತ್ರಿಕೆ ಮಾಡೋಣ, ಇಂಗ್ಲಿಷ್ ರಾಜಕೀಯ ನಿಮ್ಮದು, ಬಂಗಾಳಿ ಸಾಹಿತ್ಯ ನನ್ನದು ಎಂದಾಗ ಅವನು ಅರಳುವುದನ್ನು ನೋಡಬೇಕು. ಮನೆಗೆ ಮರಳಿದರೆ ಅಮಲನ ಪತ್ರ, ಅದರ ಮುಂದೆ ಅವಳ ಅಳು. ಅವನು ಕಂಡುಬಿಡುತ್ತಾನೆ.

ಗಾಡಿ ಹತ್ತಿ ಊರೆಲ್ಲ ಸುತ್ತಿ ಬಂದವನು ಅವಳು ಚಾಚಿದ ಕೈ ಹಿಡಿಯುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಟಾಗೋರರ ಕತೆಯ ಭೂಪತಿಗೆ ಒಂದು ದಾರಿಯಿತ್ತು: ಮೈಸೂರಿನಲ್ಲಿ ಪತ್ರಿಕೆಯ ಸಂಪಾದಕನ ಕೆಲಸ. ರಾಯ್ ನಮ್ಮ ಮೈಸೂರನ್ನು ಕೈಬಿಟ್ಟು ಅವನನ್ನು ಮನೆಗೇ ಕಳಿಸಿದರು. ಮೂಲಕ್ಕಿಂತ ಇದೇ ಹೆಚ್ಚು ಕಠಿಣ. ಇಬ್ಬರೂ ಒಂದೇ ಸೂರಿನಡಿ, ಎಲ್ಲ ಗೊತ್ತಿದ್ದೂ, ಬಾಳಬೇಕು.