ಎರಡನೆಯ ಅಕ್ಷರದ ಬೇಟೆ

ಐದಕ್ಷರದ ಇಂಗ್ಲಿಷ್ ಪದವೊಂದನ್ನು ಆರು ಯತ್ನಗಳೊಳಗೆ ಊಹಿಸಬೇಕೆಂಬ ವರ್ಡಲ್ ಆಟವು 2021ರಲ್ಲಿ ಲೋಕಕ್ಕೆ ಪರಿಚಿತವಾಗಿ, ಮರುವರ್ಷವೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸ್ವತ್ತಾದಂದಿನಿಂದ, ಇಂಥಿಂಥ ಅಕ್ಷರಗಳುಳ್ಳ, ಇಷ್ಟೇ ಉದ್ದದ ಪದಗಳನ್ನು ಅರಸಿ ಕೂಡಿಹಾಕುವ ಚಾಪಲ್ಯವು ಪಾಶ್ಚಾತ್ಯರಿಂದಲೇ ನಮಗೆ ಬಂದ ವಿಲಾಸವೆಂದು ಭಾವಿಸುವವರ ಸಂಖ್ಯೆ ಹೆಚ್ಚಿದೆ. ಸ್ಕ್ರ್ಯಾಬಲ್ ಪ್ರವೀಣರು, ‘ಯು’ ಬೆನ್ನಿಗಿಲ್ಲದ ‘ಕ್ಯು’ ಅಕ್ಷರದ ಪದಗಳನ್ನು, ಅವುಗಳ ಅರ್ಥದ ಗೊಡವೆಯೇ ಇಲ್ಲದೆ ಕಂಠಪಾಠ ಮಾಡುವರೆಂಬುದೂ ಸತ್ಯವೇ. ಆದರೆ ಇದೇ ವ್ಯಸನವು ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ಶಾಸ್ತ್ರದ ಪದವಿಗೇರಿ, ಕಾವ್ಯರಚನೆಯ ಅನುಲ್ಲಂಘನೀಯ ನಿಯಮವಾಗಿ ನಿಂತಿದ್ದಿತು. ಅದರ ಹೆಸರು ಪ್ರಾಸ.

ಇಂದಿನ ಹಾಡುಗಳಲ್ಲಿ ಸಾಲಿನ ತುದಿಗೆ ಕಟ್ಟುವ ಅಂತ್ಯಪ್ರಾಸವಲ್ಲ ಇದು. ಪಾದದ ಮೊದಲ ಪದದ ಎರಡನೆಯ ಅಕ್ಷರದ ವ್ಯಂಜನವು ಪದ್ಯದ ಸಕಲ ಪಾದಗಳಲ್ಲಿಯೂ ಒಂದೇ ಆಗಿರತಕ್ಕದ್ದೆಂಬ ಕಟ್ಟಳೆ. ಸ್ವರವು ಬೇರೆಯಾಗಬಹುದು, ವ್ಯಂಜನ ಬದಲಾಗಕೂಡದು. ಕ್ರಿಸ್ತಶಕ 990ರ ಆಸುಪಾಸಿನ ಛಂದೋಂಬುಧಿಯಲ್ಲಿ ನಾಗವರ್ಮನು, ಆ ವ್ಯಂಜನಕ್ಕೆ ಮುಂಚೆ ಏನಿದೆ, ಅದು ಒಂಟಿಯೋ ಜೋಡಿಯೋ ಎಂಬುದನ್ನು ನೋಡಿ, ಪ್ರಾಸವನ್ನು ಆರು ಜಾತಿಗಳಾಗಿ ವಿಂಗಡಿಸಿ, ಆರು ಮೃಗಗಳ ಹೆಸರಿಟ್ಟನು. ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯವಾದರೆ ಹಯ. ಬಿಡು, ನಡು ಸಿಂಹಗಳು. ಕಾಡು, ಬೀಡು ಗಜಗಳು. ‘ಡ’ಕಾರ ಉಭಯತ್ರ ಸಮಾನವಾದರೂ ಸಿಂಹಗಜಗಳನ್ನು ಒಂದೇ ಪದ್ಯದ ಬೋನಿನಲ್ಲಿ ಕೂಡಿಹಾಕಲು ಅನುಮತಿಯಿಲ್ಲ.

ಉದ್ದದ ವಿಚಾರದಲ್ಲಿಯೂ ನಮ್ಮವರ ಲೆಕ್ಕ ಸೂಕ್ಷ್ಮತರವೆಂದೇ ನನ್ನ ಪಕ್ಷಪಾತ. ಇಂಗ್ಲಿಷ್ ಆಟಗಾರನು ಅಕ್ಷರಗಳನ್ನು ಎಣಿಸುತ್ತಾನೆ. ಕನ್ನಡ ಛಂದಸ್ಸು, ಅಕ್ಕಸಾಲಿಯ ತಕ್ಕಡಿಯಂತೆ, ಅವನ್ನು ತೂಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಆರು ಪಾದಗಳೂ ಮೂರು ಮಾತ್ರೆಯ ಗಣದಿಂದ ಆರಂಭವಾಗಿ, ನಾಲ್ಕು ಮಾತ್ರೆಯ ಗಣದಿಂದ ಮುಂದುವರಿಯುತ್ತವೆ. ಆದಕಾರಣ ಕವಿಗೆ ಪ್ರತಿಪದ್ಯಕ್ಕೂ ಬೇಕಾದವು, ಎರಡನೆಯ ಅಕ್ಷರದ ವ್ಯಂಜನವು ಸಮಾನವಾದ, ಆ ಮೂರು ಮಾತ್ರೆಗಳೊಳಗೆ ಹೊಂದುವ ಆರು ಪದಮುಖಗಳು. ಬೆಟ್ಟ, ಹಟ್ಟಿ, ಮುಟ್ಟು, ಹಿಟ್ಟು, ಪಟ್ಟ, ಬಟ್ಟೆ ಎಂದು ಹಯಪ್ರಾಸದಲ್ಲಿ ದೇಸಿ ಪದಗಳು ಕರೆಯುವ ಮುನ್ನವೇ ಬರುತ್ತವೆ. ಇಂಥ ಪದ್ಯಗಳನ್ನು ಎಂಟು ಸಾವಿರಕ್ಕೂ ಮಿಗಿಲಾಗಿ ರಚಿಸಿದವನ ಶಬ್ದಭಂಡಾರವನ್ನು ಕುರಿತು ವಿಸ್ತರಿಸಬೇಕಾದ್ದಿಲ್ಲ.

ಈ ಕಣ್ಣಿನಿಂದ ನಮ್ಮ ಸೀಮೆಯ ಊರುಗಳ ಹೆಸರುಗಳನ್ನೊಮ್ಮೆ ಪರೀಕ್ಷಿಸಬೇಕು. ಮುಕ್ತೀಶ್ವರನ ಗುಡಿಯೂ ಅಮ್ಮಾಜಾನ್ ಬಾವಾಜಾನರ ದರ್ಗಾವೂ ಇರುವ ಮುರುಗಮಲ್ಲವು, ಷಷ್ಠೀ ವಿಭಕ್ತಿಯನ್ನು ತಳೆದು ‘ಮುರುಗಮಲ್ಲದ’ ಎಂದಾದೊಡನೆ, ಮೂರು ಮತ್ತು ನಾಲ್ಕು ಮಾತ್ರೆಗಳಾಗಿ, ಭಾಮಿನಿಯ ಅರ್ಧಪಾದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಹಯವಾಗಿಯೂ ಗೌರಿಬಿದನೂರು ಗಜವಾಗಿಯೂ ಇದೇ ನಡೆಯಲ್ಲಿ ಸಾಗಬಲ್ಲವು. ತಾಲ್ಲೂಕಿನ ಕೇಂದ್ರವಾದ ಚಿಂತಾಮಣಿಯೇ ಹೊಂದದು! ಚಿಂ, ತಾ ಎರಡೂ ಗುರುಗಳಾದ್ದರಿಂದ ಮೂರನೆಯ ಮಾತ್ರೆಯಲ್ಲಿ ಗಣ ಒಡೆಯುವುದಿಲ್ಲ. ಅದಕ್ಕೆ ನಾಲ್ಕು ಮಾತ್ರೆಯ ಗಣಗಳ ಕಂದಪದ್ಯವೇ ಗತಿ. ಕೈವಾರಕ್ಕೂ ಅದೇ ವಿಧಿ. ಮುರುಗಮಲ್ಲ, ಗೌರಿಬಿದನೂರುಗಳೆರಡರಲ್ಲಿಯೂ ರೇಫವೇ ಪ್ರಾಸವಾದರೂ, ಒಂದು ಸಿಂಹ, ಮತ್ತೊಂದು ಗಜ. ಒಂದೇ ಪದ್ಯದ ಪಾದಾರಂಭದಲ್ಲಿ ಎರಡೂ ಊರುಗಳು ಸಂಧಿಸಲಾರವು.

ರಸಿಕನಿಗೆ ನಿಜವಾದ ಸುಖವಿರುವುದು ಬಡ ಅಕ್ಷರಗಳಲ್ಲಿ. ಘಕಾರದ ಗಜಪ್ರಾಸಕ್ಕೆ ಮೇಘ, ಮಾಘ, ಓಘ, ಮೋಘ, ರಾಘವ, ಲಾಘವ ಎಂದು ಆರು ಪದಗಳು ದೊರೆತು, ಒಂದು ಷಟ್ಪದಿಗೆ ಸಾಲುತ್ತವೆ, ಆರೂ ಸಂಸ್ಕೃತದವು. ಅಜಪ್ರಾಸವಂತೂ ಕೃಪಣ. ವಿಸರ್ಗದ ಬೆನ್ನಿಗೆ ಖಕಾರ ಬರುವಲ್ಲಿ ದುಃಖವನ್ನು ಬಿಟ್ಟು ಬಳಕೆಯ ಇನ್ನೊಂದು ಪದ ದುರ್ಲಭ. ಶಕಾರಕ್ಕೆ ಬಂದರೆ ದುಃಶಾಸನ, ದುಃಶೀಲ, ನಿಃಶಂಕೆ, ನಿಃಶೇಷಗಳು ಸಿಕ್ಕಿ ಕಂದದ ನಾಲ್ಕು ಪಾದಗಳು ತುಂಬುತ್ತವೆ, ಆದರೆ ಎಲ್ಲವೂ ಎರಡೇ ಉಪಸರ್ಗಗಳ ಸಂತಾನ. ಇವನ್ನು ಹುಡುಕಲು ನಿಘಂಟು ನೆರವಾಗದೆಂಬುದೂ ಒಂದು ವಿನೋದವೇ: 1894ರ ಕಿಟ್ಟೆಲ್ ಕೋಶವಾಗಲಿ, ಸಾಹಿತ್ಯ ಪರಿಷತ್ತಿನ ಬೃಹತ್ಕೋಶವಾಗಲಿ ಮೊದಲ ಅಕ್ಷರದ ಬಾಗಿಲಿನಿಂದ ಪ್ರವೇಶ ಕೊಡುತ್ತವೆಯೇ ಹೊರತು, ಎರಡನೆಯ ಅಕ್ಷರದ ಕಿಟಕಿಯನ್ನು ತೆರೆಯುವುದಿಲ್ಲ. ನಿರ್ದಿಷ್ಟ ಅಕ್ಷರವುಳ್ಳ ಪದಗಳ ಪಟ್ಟಿಯನ್ನು ಶಬ್ದಮಣಿದರ್ಪಣದ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಕೊಟ್ಟುದು, ‘ಳ’ಕಾರದೊಡನೆ ಬೆರೆತುಹೋಗುತ್ತಿದ್ದ ‘ೞ’ಕಾರದ ನಿಮಿತ್ತ. ಪ್ರಾಸದಲ್ಲಿ ಇವೆರಡನ್ನು ಬೆರೆಸುವುದು ದೋಷವೆಂಬ ಭಯವಿಲ್ಲದಿದ್ದರೆ, ಮೞೆ, ಏೞು, ಪುೞುಗಳ ಕುಲ ಯಾವುದೆಂಬ ಅರಿವು ಕನ್ನಡಿಗರ ಸ್ಮೃತಿಯಿಂದ ಇನ್ನೂ ಶೀಘ್ರವಾಗಿ ಅಳಿಯುತ್ತಿತ್ತೆಂದು ನನ್ನ ಊಹೆ.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಾಸವನ್ನು ತ್ಯಜಿಸಿ ಪದ್ಯ ಬರೆದರು. ಸರಿಯಾದುದನ್ನೇ ಮಾಡಿದರು, ಪ್ರಾಸಕ್ಕಾಗಿ ತುರುಕಿದ ನಿರರ್ಥಕ ಪದಗಳಿಂದ ನರಳಿದ ಪದ್ಯಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಆದರೆ ಕಾವ್ಯವು ಬಿಟ್ಟುಕೊಟ್ಟುದನ್ನು ಕ್ರೀಡೆಯು ಉಳಿಸಿಕೊಳ್ಳಲು ಅಡ್ಡಿಯೇನಿತ್ತು? ಪತ್ರಿಕೆಗಳ ಪದಬಂಧವು ಆ ಸ್ಥಾನವನ್ನು ತುಂಬಲಿಲ್ಲ; ಅದರ ಚೌಕದಲ್ಲಿ ಗುಣಿತಾಕ್ಷರವೇ ಸಮಗ್ರವಾಗಿ ಕೂಡಬೇಕು, ‘ಕಿ’ಯ ಮೇಲೆ ‘ಕಾ’ ಹಾಯಲಾಗದು. ಪ್ರಾಸದ ಔದಾರ್ಯ ಅಲ್ಲಿಲ್ಲ.

ಅವಧಾನಕಲೆಯಲ್ಲಿ ಮಾತ್ರ ಈ ವಿದ್ಯೆ ಜೀವಂತವಾಗಿದೆ. ಕೋಲಾರದಲ್ಲಿ ಜನಿಸಿದ ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು. ಅವಧಾನದ ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಹೆಜ್ಜೆಹೆಜ್ಜೆಗೂ, ಮುಂದೆ ಬರಬಹುದಾದ ಅಕ್ಷರವನ್ನೂಹಿಸಿ ಅದನ್ನೇ ನಿಷೇಧಿಸುತ್ತ ಹೋಗಲು, ಅವಧಾನಿಯು ಉಳಿದ ಅಕ್ಷರಗಳಿಂದಲೇ ಛಂದಸ್ಸು ಕೆಡದಂತೆ ಪದ್ಯವನ್ನು ಕಟ್ಟಬೇಕು. ಇದರ ಮುಂದೆ ವರ್ಡಲ್ ಶಿಶುವಿಹಾರ. ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿದ ಈ ಸೀಮೆಯಲ್ಲಿ, ಕಂದಕ್ಕೆ ಪ್ರಾಸವನ್ನು ವಿಧಿಸಿ ವೇಮನನ ಆಟವೆಲದಿಗೆ ವಿನಾಯಿತಿ ಕೊಡುವ ತೆಲುಗಿನ ರೀತಿಯೂ, ಪ್ರಾಸವನ್ನು ಸಾಲಿನ ಕೊನೆಗೆ, ಮರಳಿಮರಳಿ ಬರುವ ರದೀಫಿನ ಮುಂಚೆ ಇರಿಸುವ ಉರ್ದು ಗಜಲಿನ ಕಾಫಿಯಾ ಪದ್ಧತಿಯೂ ಕಿವಿಗೆ ಅಪರಿಚಿತವಲ್ಲವಾಗಿ, ಈ ಬೇಟೆಗೆ ಮುರುಗಮಲ್ಲಕ್ಕಿಂತ ಪ್ರಶಸ್ತವಾದ ಅರಣ್ಯವನ್ನು ನಾನು ಕಾಣೆ.

ಈ ವಾರಕ್ಕೆ ಶಿಡ್ಲಘಟ್ಟವಿರಲಿ. ಶರಭಪ್ರಾಸ, ಮೂರು ಮಾತ್ರೆ. ಆಡುಮಾತಿಗೆ ಅವಕಾಶವಿತ್ತರೆ ಇಡ್ಲಿ, ಕಡ್ಲೆ, ಸಿಡ್ಲು ಇವೆ. ತುಳುವರು ಮಂಗಳೂರನ್ನು ಕರೆಯುವ ಕುಡ್ಲವನ್ನೂ ಸೇರಿಸಿಕೊಳ್ಳಬಹುದು. ಊರಿನ ಹೆಸರೂ ಸೇರಿ ಐದಾದವು. ಷಟ್ಪದಿಗೆ ಇನ್ನೊಂದು ಬೇಕು.